ಕಾಣದ ಕೈಗಳ ಕೀಬೋರ್ಡು

ವೇದಿಕೆಯ ಮೇಲೆ ಕಾಣದ ವಾದ್ಯವೊಂದು ಕಿವಿಗೆ ಬಿದ್ದರೆ ನಾನು ಹಾಡು ಕೇಳುವುದನ್ನು ಬಿಟ್ಟು ತಲೆ ಎಣಿಸಲು ತೊಡಗುತ್ತೇನೆ. ಗಿಟಾರು ಎರಡು, ಬೇಸ್ ಒಂದು, ಡ್ರಮ್ಸ್ ಒಂದು. ಹಾಗಾದರೆ ಸಭಾಂಗಣದ ತುಂಬ ಹರಡಿರುವ ಈ ಕೀಬೋರ್ಡಿನ ನಾದ ಯಾರ ಕೈಯದು? ದೆಹಲಿಗೆ ಬಂದ ಮೂರು ವರ್ಷಗಳಲ್ಲಿ ನಾನು ನೋಡಿದ ರಾಕ್ ಕಛೇರಿಗಳು ಹದಿನಾಲ್ಕು. ಅವುಗಳಲ್ಲಿ ಒಂಬತ್ತರಲ್ಲಿ ಕೀಬೋರ್ಡ್ ಕೇಳಿಸಿತು, ನುಡಿಸುವವರು ಕಾಣಲಿಲ್ಲ. ಇಂಥದನ್ನೆಲ್ಲ ಡೈರಿಯಲ್ಲಿ ಬರೆದಿಡುವ ಮನುಷ್ಯನ ಪಕ್ಕದಲ್ಲಿ ಕೂತು ಹಾಡು ಕೇಳುವುದು ಎಂಥ ಶಿಕ್ಷೆಯೆಂದು ನೀವು ಊಹಿಸಬಲ್ಲಿರಿ. ಹದಿನಾಲ್ಕರಲ್ಲಿ ಹನ್ನೊಂದಕ್ಕೆ ನಾನು ಒಬ್ಬನೇ ಹೋಗಿದ್ದೆ.

ಇದರಲ್ಲಿ ಮಾಟಮಂತ್ರವೇನೂ ಇಲ್ಲ. ಸ್ಟುಡಿಯೋದಲ್ಲಿ ಪದರದ ಮೇಲೆ ಪದರವಾಗಿ ಕೀಬೋರ್ಡಿನ ಸ್ವರಗಳನ್ನು ಪೇರಿಸಿರುತ್ತಾರೆ. ವೇದಿಕೆಗೆ ಬರುವ ಹೊತ್ತಿಗೆ ಅವಕ್ಕೆ ಕೈಗಳಿರುವುದಿಲ್ಲ. ಕೆಲವರು ಆ ಭಾಗವನ್ನು ಲ್ಯಾಪ್‌ಟಾಪಿನಿಂದ ಬಿಡುತ್ತಾರೆ; ಜತೆಗೆ ಟಿಕ್ ಟಿಕ್ ಎಂಬ ಲಯದ ಸದ್ದು ಡ್ರಮ್ಮರನ ಕಿವಿಗೆ ಮಾತ್ರ ಬರುತ್ತದೆ, ಅವನನ್ನು ನಂಬಿ ಉಳಿದವರು ನಡೆಯುತ್ತಾರೆ. ಕೆಲವರಲ್ಲಿ ಡ್ರಮ್ಮರನ ಬಳಿ ರಬ್ಬರಿನ ಹಲಗೆಯೊಂದಿರುತ್ತದೆ. ಕೋಲಿನಿಂದ ತಟ್ಟಿದರೆ ಒಳಗೆ ತುಂಬಿಟ್ಟ ಸ್ವರ ಹೊರಬರುತ್ತದೆ. ಗಿಟಾರಿನವರು ಕಾಲಡಿಯ ಪೆಡಲ್ ಒತ್ತಿ, ತಂತಿಯ ಮೀಟನ್ನು ಅಡಗಿಸಿ, ಸ್ವರವನ್ನು ಆರ್ಗನ್ನಿನಂತೆ ಮೆಲ್ಲಗೆ ಉಬ್ಬಿಸುವುದೂ ಉಂಟು. ಇನ್ನು ಕೆಲವರು ನಿಜವಾದ ಮನುಷ್ಯನನ್ನೇ ಪರದೆಯ ಹಿಂದೆ ಕೂರಿಸುತ್ತಾರಂತೆ, ನಾಟಕದಲ್ಲಿ ಮಾತು ಮರೆತ ರಾಜನಿಗೆ ಪಕ್ಕದಿಂದ ಪಿಸುಗುಟ್ಟುವವನ ಹಾಗೆ. ಈ ಪರದೆಯ ಹಿಂದಿನವನ ಮೇಲೆ ನನಗೊಂದು ಬಂಧುಭಾವವಿದೆ. ಪೀತಮ್‌ಪುರಾದ ಮೂರನೇ ಮಹಡಿಯ ಕೋಣೆಯಲ್ಲಿ, ಕೆಳಗಿನ ಮನೆಯವರ ಹಬ್ಬ, ಜಗಳ, ನಗು ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಯಾರಿಗೂ ಕಾಣದೆ ಬಾಳುವವನು ನಾನು.

ವಾರಕ್ಕೊಮ್ಮೆ ಮಾತ್ರ ಕಾಣಿಸಿಕೊಳ್ಳುತ್ತಿದ್ದೆ. ಭಾನುವಾರ ಬೆಳಿಗ್ಗೆ ನಮ್ಮ ಬ್ಯಾಂಡಿನ ಅಭ್ಯಾಸ. ನನ್ನದು ಡ್ರಮ್ಸ್. ಹಾಡು ಮತ್ತು ಗಿಟಾರು ಅನಿರುದ್ಧನದು. ಅವನು ಲೋಧಿ ಕಾಲೋನಿಯ ಸರ್ಕಾರಿ ಮನೆಯಲ್ಲಿ ಬೆಳೆದವನು, ಕನ್ನಡದಲ್ಲಿ ಹೊರಟ ವಾಕ್ಯವನ್ನು ಹಿಂದಿಯಲ್ಲಿ ಇಳಿಸುವವನು. ಕೀಬೋರ್ಡ್ ಮಂಗಳೂರಿನ ಜೆಸಿಂತಾಳದು. ನೋಯ್ಡಾದಲ್ಲಿ ನನ್ನ ಆಫೀಸಿನ ಎದುರಿನ ಕಟ್ಟಡದಲ್ಲಿ ಅವಳ ಕೆಲಸ. ಭಾನುವಾರದ ಅಭ್ಯಾಸದ ಬಳಿಕ ಮೆಟ್ರೋ ನಿಲ್ದಾಣದವರೆಗೆ ನನ್ನೊಡನೆ ನಡೆದು ಬರುತ್ತಿದ್ದವಳು ಅವಳೊಬ್ಬಳೇ. ನಾವೇ ಕಟ್ಟಿದ ಒಂದು ಕನ್ನಡ ಹಾಡನ್ನು ಸ್ಟುಡಿಯೋದಲ್ಲಿ ಧ್ವನಿಮುದ್ರಿಸಿದ್ದೆವು. ಟಿಕ್ ಟಿಕ್ ಸದ್ದಿನ ನೆರವಿಲ್ಲದೆ, ಗಾಜಿನಾಚೆಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನುಡಿಸಿದ್ದು ಅದು.

ನಂತರ ಅವಳಿಗೆ ಪುಣೆಗೆ ವರ್ಗವಾಯಿತು. ಕೊನೆಯ ಭಾನುವಾರ ಸಮೋಸಾ ತಿನ್ನುತ್ತ ಕೂತಿದ್ದಾಗ ಅನಿರುದ್ಧ ನನ್ನ ಡೈರಿಯತ್ತ ಬೆರಳು ಮಾಡಿದ.

"ತೆಗಿ ಯಾರ್ ಆ ಪೋಥಿ. ಯಾರ್ಯಾರು ಎಷ್ಟು ಗಲತಿ ಮಾಡಿದೀವಿ, ಸುನಾ ದೋ ಆಜ್."

ನಾನು ಉತ್ಸಾಹದಿಂದ ಓದಿದೆ. ಅನಿರುದ್ಧ ಪದ ಮರೆತದ್ದು ಹತ್ತೊಂಬತ್ತು ಸಲ. ಜೆಸಿಂತಾ ಎರಡನೇ ಚರಣಕ್ಕೆ ಮುನ್ನ ತಡಮಾಡಿದ್ದು ಮೂವತ್ತೊಂದು ಸಲ.

"ನಿನ್ನದೆಷ್ಟು ಮಾರಾಯ?" ಎಂದಳು ಜೆಸಿಂತಾ.

"ನನ್ನದು ಬರೆದಿಲ್ಲ. ತಾಳದವನು ತಪ್ಪಿದರೆ ಅದೇ ತಾಳ."

ಅನಿರುದ್ಧ ಬಿದ್ದು ಬಿದ್ದು ನಕ್ಕ. ಜೆಸಿಂತಾ ಕೈ ಒರೆಸಿಕೊಂಡು ತನ್ನ ವೈರುಗಳನ್ನು ಸುತ್ತತೊಡಗಿದಳು. ಅವತ್ತು ನಿಲ್ದಾಣಕ್ಕೆ ಆಟೋದಲ್ಲಿ ಹೋದಳು. ಮುಂದಿನ ನಾಲ್ಕು ತಿಂಗಳಲ್ಲಿ ನಮ್ಮಿಬ್ಬರ ನಡುವೆ ಓಡಾಡಿದ್ದು ಎರಡು ಹಬ್ಬದ ಶುಭಾಶಯಗಳು. ಎರಡೂ ಬೇರೆ ಯಾರೋ ಕಳಿಸಿದ್ದನ್ನು ಮುಂದಕ್ಕೆ ದೂಡಿದಂಥವು. ಬಿಟ್ಟುಹೋದವರು ಜಗಳವಾಡಿ ಹೋಗಿದ್ದರೆ ರಾಜಿಗೊಂದು ದಾರಿಯಿರುತ್ತದೆ. ಸುಮ್ಮನೆ ಹೋದವರಿಗೆ ಏನೆಂದು ಹೇಳುವುದು?

ಹೀಗಿರುವಾಗ ಇಲ್ಲಿನ ಕನ್ನಡ ಸಂಘವೊಂದರ ರಾಜ್ಯೋತ್ಸವದಲ್ಲಿ ಅದೇ ಹಾಡನ್ನು ಹಾಡಬೇಕೆಂಬ ಕರೆ ಬಂತು. ಕೀಬೋರ್ಡಿನ ಭಾಗವನ್ನು ಪ್ರತ್ಯೇಕಿಸಿದ ಫೈಲು ಇದ್ದದ್ದು ಜೆಸಿಂತಾಳ ಬಳಿ ಮಾತ್ರ. ಒಂದು ಫೋನು ಮಾಡಿದ್ದರೆ ಆಗುತ್ತಿತ್ತು. ಬದಲಾಗಿ ನಾನು ವಿಜ್ಞಾನಿಯಾದೆ. ಐದು ವಾರ ಪ್ರಯೋಗ ನಡೆಸಿದೆ. ಅನಿರುದ್ಧನಿಗೆ ಪೆಡಲ್ ಕೊಡಿಸಿದೆವು. ಆರ್ಗನ್ ಬರಬೇಕಾದಲ್ಲಿ ನೆಗಡಿಯಾದ ಶಂಖ ಬಂತು. ರಬ್ಬರಿನ ಹಲಗೆಗೆ ಸ್ವರ ತುಂಬಿದೆ. ಆವೇಶದಲ್ಲಿ ಕೋಲು ತಾಗಿ, ಅನಿರುದ್ಧ ಮೌನವಾಗಿ ನಿಲ್ಲಬೇಕಾದ ಕಡೆಯೆಲ್ಲ ಕೀಬೋರ್ಡು ಮೊಳಗಿತು. ಕೊನೆಗೆ ಅವನೇ ಗಿಟಾರು ಕೆಳಗಿಟ್ಟ.

"ಏಕ್ ಬಾತ್ ಬತಾ. ನಿಂಗೆ ಕೀಬೋರ್ಡ್ ಬೇಕಾ, ಇಲ್ಲ ಅವಳಿಗೆ ಫೋನ್ ಮಾಡೋದು ಬೇಡ್ವಾ?"

ಅಂದು ಸಂಜೆ ಫೋನು ಮಾಡಿದೆ. ಎತ್ತಿದಳು, ಕ್ಷೇಮ ಕೇಳಿದಳು, ಹಾಡಿನ ಎಲ್ಲ ಫೈಲುಗಳನ್ನೂ ಕಳಿಸುವುದಾಗಿ ಹೇಳಿದಳು. ಎರಡು ನಿಮಿಷ ನಲವತ್ತು ಸೆಕೆಂಡು. ಅಪರಿಚಿತರ ನಡುವೆಯೂ ಇದಕ್ಕಿಂತ ಸುಸೂತ್ರವಾದ ಸಂಭಾಷಣೆ ನಡೆಯಲಾರದು.

ಫೈಲುಗಳು ಬಂದವು. ಲ್ಯಾಪ್‌ಟಾಪಿನ ಪರದೆಯಲ್ಲಿ ನನ್ನ ಡ್ರಮ್ಸಿನ ಧ್ವನಿಯ ಗೆರೆಯನ್ನು ಮೇಲೆ, ಅವಳ ಕೀಬೋರ್ಡಿನ ಗೆರೆಯನ್ನು ಕೆಳಗೆ ಇಟ್ಟುಕೊಂಡು, ಎರಡನೇ ಚರಣಕ್ಕೆ ಮುಂಚಿನ ಆ ಕುಖ್ಯಾತ ತಡವನ್ನು ಅಳೆಯಲು ಕೂತೆ. ನಿಜ ಹೇಳಬೇಕೆಂದರೆ, ಅದನ್ನು ಕತ್ತರಿಸಿ ಸರಿಮಾಡುವ ಉದ್ದೇಶ ನನ್ನದು. ತಡವೇನೋ ಇತ್ತು. ಆದರೆ ಅದು ಮೇಲಿನ ಗೆರೆಯಲ್ಲಿ ಹುಟ್ಟುತ್ತಿತ್ತು. ಎರಡೂ ಕೋಲುಗಳಿಂದ ಎಡೆಬಿಡದೆ ಬಾರಿಸುವ ಉದ್ದನೆಯ ಉರುಳಿಕೆಯನ್ನು ಮುಗಿಸುವಾಗ ನನ್ನ ಕೈ ಸೋಲುತ್ತಿತ್ತು; ತಾಳ ಅರ್ಧ ಉಸಿರಿನಷ್ಟು ಜಗ್ಗುತ್ತಿತ್ತು. ನಾನು ತಲುಪುವವರೆಗೆ ಅವಳು ಸ್ವರವನ್ನು ಎತ್ತಿ ಹಿಡಿದು, ನಾನು ಬಂದದ್ದನ್ನು ಖಚಿತಮಾಡಿಕೊಂಡು, ಆಮೇಲೆ ಕೈ ಇಳಿಸುತ್ತಿದ್ದಳು. ಕೇಳುವವರಿಗೆ ನನ್ನ ತಪ್ಪು ಕೇಳಿಸದಂತೆ ಅದನ್ನು ತನ್ನ ತಡವಾಗಿ ಮಾಡಿಕೊಂಡಿದ್ದಳು. ನಾನೋ, ಡೈರಿಯಲ್ಲಿ ಅವಳ ಹೆಸರಿಗೆ ಗೀಟು ಹಾಕುತ್ತ ಬಂದಿದ್ದೆ.

ಮರುದಿನ ಮತ್ತೆ ಫೋನು ಮಾಡಿ, ಕಂಡದ್ದನ್ನು ಹೇಳಿ, ತಪ್ಪಾಯಿತು ಎಂದೆ.

"ಗೊತ್ತಿತ್ತು ಮಾರಾಯ," ಎಂದಳು.

"ಮತ್ತೆ ಹೇಳಬಾರದಿತ್ತಾ?"

"ಹೇಗೆ ಹೇಳೋದು? ನೀನು ಅಷ್ಟು ಶ್ರದ್ಧೆಯಿಂದ ಬರ್ಕೊಳ್ತಿದ್ದೆ." ಸ್ವಲ್ಪ ನಕ್ಕು ಮುಂದುವರಿಸಿದಳು: "ನಾನು ಹನ್ನೆರಡು ವರ್ಷದವಳಿದ್ದಾಗಿಂದ ಚರ್ಚಿನಲ್ಲಿ ಆರ್ಗನ್ ನುಡಿಸಿದವಳು. ಅಲ್ಲಿ ಅಜ್ಜಿಯಂದಿರು ಉಸಿರು ತಗೊಂಡು ಮುಗಿಯುವವರೆಗೆ ಮುಂದಿನ ಸಾಲಿಗೆ ಹೋಗ್ಲಿಕ್ಕಿಲ್ಲ. ನೀನೂ ಒಬ್ಬ ಅಜ್ಜಿ ಅಂದ್ಕೊಂಡೆ."

"ಆವತ್ತು ಬೇಜಾರಾಯ್ತಾ?"

"ಆಯ್ತು. ಮೂವತ್ತೊಂದಕ್ಕಲ್ಲ. ನಿಂದು ಬರೆದೇ ಇಲ್ಲ ಅಂದೆಯಲ್ಲ, ಅದಕ್ಕೆ."

ಅವಳೇ ಮಾತು ಬದಲಿಸಿ ಅನಿರುದ್ಧನ ಬಗ್ಗೆ ವಿಚಾರಿಸಿದಳು, ಪುಣೆಯಲ್ಲಿ ಹೊಸದೊಂದು ತಂಡ ಸೇರಿದ್ದನ್ನು ಹೇಳಿದಳು. ಅಲ್ಲಿಯ ಡ್ರಮ್ಮರ್ ಹೇಗೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ರಾಜ್ಯೋತ್ಸವಕ್ಕೆ ಫೈಲನ್ನು ಕತ್ತರಿಸದೆ, ಇದ್ದ ಹಾಗೆಯೇ ಬಳಸಿದೆವು. ಇದರಿಂದ ವಿಚಿತ್ರ ಪೇಚೊಂದು ಉಂಟಾಯಿತು. ಲ್ಯಾಪ್‌ಟಾಪಿನಲ್ಲಿರುವ ಜೆಸಿಂತಾ ಆ ಜಾಗದಲ್ಲಿ ಕಾದೇ ಕಾಯುತ್ತಾಳೆ. ಅವಳೊಡನೆ ಕೂಡಿ ನುಡಿಸಬೇಕಾದರೆ ನಾನು ನನ್ನ ಹಳೆಯ ತಪ್ಪನ್ನು ಅಷ್ಟೇ ಅಳತೆಯಲ್ಲಿ ಮಾಡಬೇಕು. ಎರಡು ವಾರ, ತಡಮಾಡುವುದನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದೆ. ಜೀವಂತ ಮನುಷ್ಯರೊಡನೆ ನುಡಿಸುವಾಗ ಅವರು ನಮ್ಮನ್ನೂ ಕೇಳಿಸಿಕೊಳ್ಳುತ್ತಿರುತ್ತಾರೆ ಎಂಬುದು ಎಷ್ಟು ದೊಡ್ಡ ಉಪಕಾರವೆಂದು, ನಮ್ಮನ್ನು ಕೇಳಿಸಿಕೊಳ್ಳದ ವಾದ್ಯದೊಡನೆ ನುಡಿಸಿದಾಗಲೇ ತಿಳಿಯುವುದು.

ಕಾರ್ಯಕ್ರಮದ ದಿನ ಸಭಾಂಗಣ ತುಂಬಿತ್ತು. ಕೇಸರಿಭಾತಿನ ಪರಿಮಳ ಬಾಗಿಲಲ್ಲೇ ಸುಳಿಯುತ್ತಿದ್ದುದರಿಂದ ಜನ ಹಾಡನ್ನು ಸಹನೆಯಿಂದ ಕೇಳುತ್ತಿದ್ದರು. ಇಯರ್‌ಫೋನಿನ ಮೂಲಕ ನನ್ನ ಕಿವಿಯೊಳಗೆ ಜೆಸಿಂತಾ ನುಡಿಸುತ್ತಿದ್ದಳು. ಎರಡನೇ ಚರಣಕ್ಕೆ ಮುಂಚಿನ ಉರುಳಿಕೆ ಬಂತು. ಅಷ್ಟು ಅಭ್ಯಾಸದಿಂದ ಕೈ ಬಲಿತಿತ್ತೋ ಏನೋ, ಅಂದು ಅದು ಸೋಲಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಆ ತಿರುವನ್ನು ಸರಿಯಾದ ಹೊತ್ತಿಗೆ ತಲುಪಿದೆ, ಬೇರೆ ಯಾರೂ ಇನ್ನೂ ಬಂದಿರಲಿಲ್ಲ. ಅನಿರುದ್ಧ ಬೆಚ್ಚಿ ನನ್ನತ್ತ ತಿರುಗಿದ. ಕೋಲುಗಳನ್ನು ಎತ್ತಿ ಹಿಡಿದು ಕೂತೆ. ಕಿವಿಯೊಳಗೆ ಆ ಸ್ವರ ಇಳಿಯದೆ ನನಗಾಗಿ ಕಾಯುತ್ತಲೇ ಇತ್ತು. ನಾನು ಆಗಲೇ ಬಂದು ನಿಂತಿದ್ದೇನೆಂದು ಆ ಕೈಗಳಿಗೆ ತಿಳಿಸುವ ದಾರಿ ಇರಲಿಲ್ಲ.