ಬೆಂಕಿ ಕಂಡ ವಸ್ತರಾ

ನಿಮ್ಮ ಕೈ ಹೋಗಿರಲಿಲ್ಲ ಮಾವ. ಹೋದದ್ದು ವಸ್ತರಾದ ಹದ — ಕೆಡಿಸಿದವಳು ನಾನು.

ಇಷ್ಟು ಹೇಳಲು ಮನಸ್ಸು ಗಟ್ಟಿಮಾಡುವುದಕ್ಕೆ ಇಷ್ಟು ವರ್ಷ ಬೇಕಾದವು. ತುಳುಕಬಾರದೆಂದು ದಿನಾ ಬೆಳಿಗ್ಗೆ ನಿಮಗೆ ಅರ್ಧ ಕಪ್ಪು ಚಹಾ ಕೊಡುತ್ತೇನಲ್ಲ, ಆಗೆಲ್ಲ ಈ ಮಾತು ಬಾಯಿಯ ತನಕ ಬರುತ್ತದೆ. ಕಪ್ಪು-ಬಶಿ ಎತ್ತಿಕೊಂಡು ಒಳಗೆ ಹೋಗಿಬಿಡುತ್ತೇನೆ. ಸಾಕಾಗಿದೆ ಈಗ.

ಶೇಡಬಾಳದ ನಮ್ಮ ಕ್ಷೌರದ ಅಂಗಡಿಯಲ್ಲಿ ನಿಮ್ಮ ಮಗ ಬ್ಲೇಡು ಬದಲಿಸುವ ಕತ್ತಿ ಹಿಡಿದ ಮೇಲೂ ನೀವು ಮಾತ್ರ ನಿಮ್ಮ ತಂದೆಯ ಕಾಲದ ಮಡಚುವ ಕತ್ತಿ, ಆ ವಿಲಾಯತಿ ವಸ್ತರಾ, ಬಿಟ್ಟಿರಲಿಲ್ಲ. ಅಲಗಿನ ಬುಡದಲ್ಲಿ ಇಂಗ್ಲಿಷಿನಲ್ಲಿ ‘ಸಿಲ್ವರ್ ಸ್ಟೀಲ್’ ಎಂದು ಕೊರೆದಿತ್ತು. ಬೆಳ್ಳಿ ಬೆರೆಸಿದ ಉಕ್ಕು ಎಂದು ಗಿರಾಕಿಗಳಿಗೆ ತೋರಿಸುತ್ತಿದ್ದಿರಿ. ಮನೆಯಲ್ಲಿ ನಾವೂ ಹಾಗೇ ನಂಬಿದ್ದೆವು.

ಆ ವರ್ಷ ಖಂಡೇನವಮಿಯ ಆಯುಧಪೂಜೆಯ ಹೊತ್ತಿಗೆ ಅತ್ತೆಗೆ ಮೊಣಕಾಲು ನೋವು. ಪೂಜೆಗಿಡುವ ಸಾಮಾನು ತೊಳೆಯುವ ಕೆಲಸ ಮೊದಲ ಸಲ ನನ್ನ ಪಾಲಿಗೆ ಬಂತು.

“ವಸ್ತರಾ ಬರೇ ಒರಸಿ ಇಡವಾ. ಅದಕ್ಕ ಮತ್ತೇನೂ ಮಾಡಬ್ಯಾಡ,” ಎಂದಿದ್ದರು ಅತ್ತೆ.

ಕೇಳಿಸಿಕೊಂಡಿದ್ದೆ — ಕೇಳಿಸಿಕೊಂಡೂ... ನನ್ನ ತವರೂರು ಸತ್ತಿಯಲ್ಲಿ, ಕಪ್ಪಾದ ಬೆಳ್ಳಿ ಕಾಲುಂಗುರವನ್ನು ಅಕ್ಕಸಾಲಿಗರು ಬೆಂಕಿಯಲ್ಲಿ ಕಾಯಿಸಿ ಹುಳಿನೀರಿಗೆ ಹಾಕುತ್ತಿದ್ದರು, ಹೊಸದರಂತೆ ಹೊಳೆಯುತ್ತಿತ್ತು. ಬೆಳ್ಳಿಗೆ ಹಾಗೇ ಮಾಡಬೇಕೆಂದು ತಿಳಿದೆ. ನೀವು ಹೊಗಳಬೇಕೆಂಬ ಆಸೆಯೂ ಇತ್ತು. ಇಕ್ಕಳದಲ್ಲಿ ಬುಡ ಹಿಡಿದು ಅಲಗನ್ನು ಗ್ಯಾಸಿನ ಉರಿಗೆ ಒಡ್ಡಿದೆ. ತೆಳ್ಳನೆಯ ಅಂಚು ನೋಡುನೋಡುತ್ತಲೇ ಹಳದಿಯಾಯಿತು, ಆಮೇಲೆ ನವಿಲುಗರಿಯ ನೀಲಿ. ಹೆದರಿ ಹುಣಸೆನೀರಿಗೆ ಅದ್ದಿದೆ, ಬೂದಿ ಹಾಕಿ ತಿಕ್ಕಿದೆ. ನೀಲಿ ಹೋಯಿತು, ಬುಡದ ಹತ್ತಿರ ಒಂದು ಕಲೆ ಉಳಿಯಿತು. ಪೂಜೆಗಿಡುವಾಗ ಸರಿಯಾಗಿ ಅದರ ಮೇಲೆಯೇ ಕುಂಕುಮ ಹಚ್ಚಿದೆ.

“ನೋಡ್ರಿ, ನಮ್ಮ ಸೊಸಿ ಕೈಯಾಗ ಬೆಳ್ಳಿ ಹೆಂಗ ಹೊಳ್ಯಾಕತ್ತೈತಿ!” ಎಂದು ಬಂದವರಿಗೆಲ್ಲ ತೋರಿಸಿದಿರಿ.

ಹಬ್ಬ ಮುಗಿದ ಮೇಲೆ ನಿಮ್ಮ ಗೆಳೆಯ ಜಿನ್ನಪ್ಪಣ್ಣ ದಾಡಿಗೆ ಬಂದು ಕುಳಿತರು. ನಾನು ಚಹಾ ತಂದಿದ್ದೆ. ಒಂದು ಗಲ್ಲ ನುಣ್ಣಗಾಯಿತು; ಇನ್ನೊಂದಕ್ಕೆ ಬರುವಷ್ಟರಲ್ಲಿ ಅಲಗು ಕೂದಲು ಹಿಡಿದು ಜಗ್ಗತೊಡಗಿತು.

“ಏನಲೇ ರಾಮಾ, ದಾಡಿ ಮಾಡಾಕತ್ತೀಯೋ, ಕಬ್ಬ ಕಡ್ಯಾಕತ್ತೀಯೋ?”

ನೀವು ನಕ್ಕು, ತೊಗಲಿನ ಪಟ್ಟಿಗೆ ಮಸೆದು ಮತ್ತೆ ಹಿಡಿದಿರಿ. ಗದ್ದದ ಕೆಳಗೆ ರಕ್ತ ಬಂತು. ನಗು ನಿಂತಿತು.

“ವಸ್ತರಾ ಮೊಂಡ ಆಗೇತೇನೋ ನೋಡಪಾ,” ಎಂದರು ಜಿನ್ನಪ್ಪಣ್ಣ, ಮೆತ್ತಗೆ.

“ಬೆಳ್ಳಿ ಉಕ್ಕದು. ನಮ್ಮಪ್ಪನ ಕಾಲದಿಂದ ಎಂದೂ ಹಿಂಗ ಮಾಡಿಲ್ಲ. ನನ್ನ ಕೈನ ಹ್ವಾತು, ಜಿನ್ನಪ್ಪಾ.”

ನಾನು ಕಪ್ಪು ಹಿಡಿದು ನಿಂತೇ ಇದ್ದೆ. ಆ ನೀಲಿ ಕಣ್ಣ ಮುಂದೆ ಬಂತು — ಆದರೂ ಉರಿಗೂ ಇದಕ್ಕೂ ಏನು ಸಂಬಂಧ ಎಂದು ನನಗೆ ನಾನೇ ಹೇಳಿಕೊಂಡೆ. ಎಷ್ಟೋ ದಿನ ನೀವು ಸಾಣೆಕಲ್ಲಿನ ಮುಂದೆ ಕುಳಿತು ಮಸೆದಿರಿ. ಕೊನೆಗೆ ವಸ್ತರಾವನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿರಿ. “ಇನ್ನ ಮಂದಿ ಕುತ್ತಿಗಿ ಮ್ಯಾಲೆ ನಾ ಕೈ ಇಡಬಾರದು,” ಎಂದಿರಿ, ಅಷ್ಟೇ.

ಅಥಣಿ ಕಡೆಯ ಸಾಣೆ ಹಿಡಿಯುವ ಚಾಚಾ ಸೈಕಲ್ ತಳ್ಳಿಕೊಂಡು ನಮ್ಮ ಓಣಿಗೆ ಬಂದದ್ದು ಅದಾದ ಮೇಲೆ. ನೀವು ಮಲಗಿದ್ದಿರಿ. ಈಳಿಗೆಯ ಜೊತೆ ವಸ್ತರಾವನ್ನೂ ಒಯ್ದು ತೋರಿಸಿದೆ. ಅವರು ಬಿಸಿಲಿಗೆ ಹಿಡಿದು, ಉಗುರಿನ ಮೇಲೆ ಎಳೆದು ನೋಡಿದರು.

“ಇದ್ರಾಗ ಬೆಳ್ಳಿ ಎಲ್ಲಿಂದ ಬರಬೇಕ್ರಿ ಅಕ್ಕಾರ? ಚಲೋ ಉಕ್ಕಿಗಿ ಕಂಪನಿಯವ್ರು ಇಟ್ಟ ಹೆಸರದು. ಒಬ್ಬಂವ ಬೆಳ್ಳಿ ಅಂತಾನ, ಇನ್ನೊಬ್ಬಂವ ವಜ್ರ ಅಂತಾನ. ಮಾಲ ಹೋಗಬೇಕಲ್ರಿ! ಆದ್ರ ಇದಕ್ಕ ಯಾರೋ ಬೆಂಕಿ ತೋರಿಸ್ಯಾರ. ಹದಾ ಹೋಗೇತಿ. ಎಷ್ಟ ಮಸದ್ರೂ ಮೊನಿ ನಿಲ್ಲಂಗಿಲ್ಲ.”

ಅಂದು ತಿಳಿಯಿತು ನನಗೆ. ಅದಕ್ಕೂ ಮೊದಲಿನದನ್ನು ತಿಳಿಯದೆ ಮಾಡಿದ್ದು ಎನ್ನಬಹುದೇನೋ. ಅಂದಿನಿಂದ ಇಂದಿನವರೆಗಿನದನ್ನು ಏನೆನ್ನಲಿ? ಆಗ ನಿಮ್ಮ ಕೈ ಗಟ್ಟಿಯಿತ್ತು. ಎಬ್ಬಿಸಿ ಹೇಳಿದ್ದರೆ ಬಯ್ದು, ಎಲ್ಲಿಂದಲೋ ಬೇರೆ ವಸ್ತರಾ ತಂದು ಮರುವಾರವೇ ಕುರ್ಚಿಯ ಹಿಂದೆ ನಿಲ್ಲುತ್ತಿದ್ದಿರಿ. ನಾನು ವಸ್ತರಾವನ್ನು ಹಾಗೆಯೇ ಸುತ್ತಿ ಟ್ರಂಕಿಗೆ ಹಾಕಿ, ಸಂಜೆಯ ಪಲ್ಯಕ್ಕೆ ಬದನೆಕಾಯಿ ಹೆಚ್ಚಿದೆ. ಈಳಿಗೆ ಚೂಪಾಗಿತ್ತು.

ಈಗ ಆ ಕೈ ನಿಜವಾಗಿಯೂ ನಡುಗುತ್ತದೆ. ಜಿನ್ನಪ್ಪಣ್ಣ ನಿಮ್ಮ ಮಗನಿಂದ ದಾಡಿ ಮಾಡಿಸಿಕೊಳ್ಳುವಾಗ ನೀವು ಎದ್ದು ಒಳಗೆ ಬರುತ್ತೀರಿ, ಕೈಯನ್ನು ಟವೆಲಿನೊಳಗೆ ಮುಚ್ಚಿಕೊಂಡು. ಅಲ್ಲಿಂದ ಇಲ್ಲಿಯವರೆಗಿನ ಗಟ್ಟಿ ಕೈಯ ವರ್ಷಗಳು — ಅವನ್ನು ನಾನು ಎಲ್ಲಿಂದ ತಂದುಕೊಡಲಿ...

ಈ ಖಂಡೇನವಮಿಗೆ ವಸ್ತರಾವನ್ನು ಟ್ರಂಕಿನಿಂದ ತೆಗೆದು ಬರೇ ಒರೆಸಿ ಇಡುತ್ತೇನೆ. ಕುಂಕುಮವನ್ನು ಹಿಡಿಕೆಗೆ ಹಚ್ಚುತ್ತೇನೆ, ಕಲೆ ಕಾಣಲಿ. ಪೂಜೆಗೆ ಜಿನ್ನಪ್ಪಣ್ಣನನ್ನೂ ಕರೆಸುತ್ತೇನೆ. ಕೈ ಹೋಯಿತೆಂದು ನೀವು ಹೇಳಿದ್ದು ಅವರ ಎದುರಿಗೆ. ಹೋಗಿರಲಿಲ್ಲ ಎಂದು ನಾನು ಹೇಳುವುದೂ ಅವರ ಎದುರಿಗೇ ಆಗಬೇಕು.