ಖಾತೆ ತೆರೆಯದವನು

ರಾಜ್ಯ ತಂಡಕ್ಕೆ ಆಡಿದ ಮೊದಲ ಸೀಸನ್ನಿನಲ್ಲಿ ನಾನು ಸತತ ಮೂರು ಸಲ ಸೊನ್ನೆಗೆ ಔಟಾದೆ. ಇನ್ನೊಂದು ಸೊನ್ನೆ ಬಂದರೆ ತಂಡದಲ್ಲಿ ಜಾಗ ಇಲ್ಲ ಅಂತ ಕೋಚ್ ಹೇಳಿದ್ದರು. ಎರಡು ದಿನ ಬಿಡುವಿತ್ತು, ನಮ್ಮೂರು ಅಜ್ಜಂಪುರಕ್ಕೆ ಹೊರಟೆ. ಕಡೂರಿನಲ್ಲಿ ಬಸ್ ಹತ್ತಿದರೆ ಪಕ್ಕದ ಹಿರಿಯರ ಕೈಯಲ್ಲಿದ್ದ ಪೇಪರಿನಲ್ಲಿ ನನ್ನ ಫೋಟೋ. ಕೆಳಗೆ, ‘ಮೂರನೇ ಸಲವೂ ಖಾತೆ ತೆರೆಯಲಿಲ್ಲ’.

ಅವರು ಫೋಟೋ ನೋಡಿದರು, ನನ್ನನ್ನು ನೋಡಿದರು.

“ಮೂರು ಸಲ ಹೋದ್ರೂ ಖಾತೆ ಆಗ್ಲಿಲ್ವೇನಪ್ಪಾ?”

“ಇಲ್ಲ ಯಜಮಾನ್ರೇ. ಹೋಗ್ತಿದ್ದಂಗೆ ವಾಪಸ್ ಕಳಿಸ್ತಾರೆ.”

“ಕಾರಣ ಏನಂತೆ?”

“ಏನೂ ಹೇಳಲ್ಲ. ಬೆರಳೆತ್ತಿ ತೋರಿಸ್ತಾರೆ, ಅಷ್ಟೇ.”

“ಹಂಗೆ ಬಿಟ್ಟು ಬರ್ಬಾರ್ದು ಕಣಪ್ಪಾ. ಯಾಕಾಗಲ್ಲ ಅಂತ ಹಿಂಬರಹ ಬರ್ಕೊಡಿ ಅನ್ಬೇಕು. ಅದಿರ್ಲಿ, ಪಿತ್ರಾರ್ಜಿತವೋ, ಸ್ವಯಾರ್ಜಿತವೋ?”

ಅವರು ಜಮೀನಿನ ಖಾತೆ ವಿಷಯ ಮಾತಾಡುತ್ತಿದ್ದಾರೆ ಅಂತ ನನಗೆ ಹೊಳೆದದ್ದು ಆಗ. ಇದು ಕ್ರಿಕೆಟ್, ಈ ತುದಿಯಿಂದ ಆ ತುದಿಗೆ ಒಂದು ರನ್ ಓಡಿದರೆ ಖಾತೆ ತೆರೆದಂತೆ ಅಂತ ಬಿಡಿಸಿ ಹೇಳಿದೆ.

ಅವರು ಪೇಪರ್ ಮಡಚಿದರು.

“ಒಂದೇ ಸಲ ಓಡಿದ್ರೆ ಸಾಕಾ?”

“ಸಾಕು.”

“ಹಿರೇನಲ್ಲೂರಿಂದ ಕಡೂರಿಗೆ ನಾನು ಹನ್ನೊಂದು ವರ್ಷದಿಂದ ಓಡ್ತಾ ಇದ್ದೀನಿ ಕಣಪ್ಪಾ.”

ಮುಂದಿನ ಪಂದ್ಯದಲ್ಲಿ ಫೀಲ್ಡರೊಬ್ಬ ಕೈಗೆ ಬಂದ ಕ್ಯಾಚ್ ಬಿಟ್ಟ. ಅದೇ ಚೆಂಡಿಗೆ ಒಂದು ರನ್ ಓಡಿ ನಾನು ಖಾತೆ ತೆರೆದೆ. ಆ ತುದಿಯಲ್ಲಿ ನಿಂತು ಏದುಸಿರು ಬಿಡುತ್ತಾ, ಬಸ್ಸಿನ ಆ ಯಜಮಾನರು ಖಾತೆಗಾಗಿ ಓಡುವ ಕಚೇರಿಯಲ್ಲೂ ಇಂಥ ಒಬ್ಬ ಫೀಲ್ಡರ್ ಇರಲಿ ಅಂತ ಹಾರೈಸಿದೆ.