ಬಸ್ಸಿಗೆ ಕೊಡಬಾರದೆಂದ ಎಣಿಕೆ ಹಾಳೆ

೨೦೧೦ರ ಅಕ್ಟೋಬರ್ ೨೧, ಗುರುವಾರ. ದಿನಾಂಕವನ್ನು ನನ್ನ ಕ್ಷೇತ್ರ ದಿನಚರಿಯಿಂದ ತೆಗೆದುಕೊಂಡು, ವಾರವನ್ನು ಆ ವರ್ಷದ ಕ್ಯಾಲೆಂಡರಿನೊಂದಿಗೆ ತಾಳೆ ನೋಡಿದ್ದೇನೆ. ಆಗ ನಾನು ಬಳ್ಳಾರಿಯ ಒಂದು ಕೃಷಿ ಸಂಶೋಧನಾ ಕಚೇರಿಯಲ್ಲಿ ಹಿರಿಯ ಕೀಟಶಾಸ್ತ್ರಜ್ಞ. ಸಿರುಗುಪ್ಪ ತಾಲ್ಲೂಕಿನ ಭತ್ತದ ಗದ್ದೆಗಳಿಂದ ಕೀಟಗಳ ಎಣಿಕೆ ತರಿಸಿಕೊಂಡು, ಅಪಾಯ ಕಂಡರೆ ರೇಡಿಯೊದ ಸಂಜೆಯ ರೈತರ ಕಾರ್ಯಕ್ರಮಕ್ಕೆ ಸಲಹೆ ಕಳುಹಿಸುವುದು ನನ್ನ ಹೊಣೆಯಾಗಿತ್ತು. ಸಲಹೆಯು ನಾಲ್ಕು ಗಂಟೆಯೊಳಗೆ ರೇಡಿಯೊ ಕೇಂದ್ರ ತಲುಪದಿದ್ದರೆ ಮರುದಿನದವರೆಗೆ ಕಾಯಬೇಕಿತ್ತು.

ಎಣಿಕೆ ಬರುತ್ತಿದ್ದ ರೀತಿ ವಿಚಿತ್ರವಾದದ್ದು. ಕರೂರಿನ ನಮ್ಮ ಕ್ಷೇತ್ರ ವೀಕ್ಷಕ ಖಾಜಾಸಾಬ್ ಕೆಸರಿಗಿಳಿದು, ಪೈರಿನ ಬುಡ ತಟ್ಟಿ, ನೀರಿಗೆ ಬಿದ್ದ ಹುಳುಗಳನ್ನೆಣಿಸಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಗದ್ದೆಯಲ್ಲಿ ಶಾಯಿ ನಿಲ್ಲದು. ಕೆಳಗೆ ಕಾರ್ಬನ್ ಇಟ್ಟು ಮೂಡಿಸಿದ ಪ್ರತಿ ಅವರಲ್ಲೇ ಉಳಿಯುತ್ತಿತ್ತು. ಸಹಿ ಮಾಡಿದ ಮೂಲ ಹಾಳೆ ಕವರಿನಲ್ಲಿ ಸಿರುಗುಪ್ಪದ ಬಸ್ ಕಂಡಕ್ಟರನ ಕೈಸೇರಿ ಬಳ್ಳಾರಿಗೆ ಬರುತ್ತಿತ್ತು. ಫೋನಿನಲ್ಲಿ ಹೇಳಿದ ಅಂಕಿಗೆ ಮಾನ್ಯತೆಯಿರಲಿಲ್ಲ. ಹಿಂದೊಮ್ಮೆ ಬಾಯಿಮಾತಿನ ಎಣಿಕೆ ನಂಬಿ ಸುಳ್ಳು ಎಚ್ಚರಿಕೆ ಹೊರಡಿಸಿದ ಮೇಲೆ ಆ ನಿಯಮವನ್ನು ಬರೆದವನು ನಾನೇ. ಫ್ಯಾಕ್ಸಿನಲ್ಲಿ ಪೆನ್ಸಿಲ್ ಅಂಕಿ ಮೂಡುತ್ತಿರಲಿಲ್ಲ. ಅದಿರಿನ ಲಾರಿಗಳ ಆ ವರ್ಷಗಳಲ್ಲಿ ಬಸ್ಸು ಬಳ್ಳಾರಿಯ ಹೊರವಲಯದಲ್ಲಿ ಎಷ್ಟು ಹೊತ್ತು ನಿಲ್ಲುವುದೆಂದು ಯಾರೂ ಹೇಳಲಾರರು. ಒಮ್ಮೊಮ್ಮೆ ಕವರು ಕೆಂಪು ಧೂಳು ಮೆತ್ತಿಕೊಂಡು ಮರುದಿನ ಬರುತ್ತಿತ್ತು.

ಅದೇ ಕಾರಣಕ್ಕೆ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಇಂಟರ್ನೆಟ್ ಪಡೆಯುವ ಡೇಟಾ ಕಾರ್ಡ್ ನನ್ನ ಗಮನ ಸೆಳೆಯಿತು. ಹೆಬ್ಬೆರಳಿಗಿಂತ ತುಸು ದೊಡ್ಡದು. ಸಹಿಯಾದ ಹಾಳೆಯ ಫೋಟೊ ತೆಗೆದು ಗದ್ದೆಯ ಬದಿಯಿಂದಲೇ ಕಳುಹಿಸಬಹುದು. ಬಳ್ಳಾರಿಯ ಅಂಗಡಿಯವನು ಎದುರಿಗೇ ಸಿಕ್ಕಿಸಿ ತೋರಿಸಿದ. ಊರಿನೊಳಗೆ ಓಡಿದರೆ ಸಾಲದು ಎಂದೆ.

“ಎರಡು ದಿನ ಇಟ್ಕೊಳ್ರಿ ಸರ. ಕುರುಗೋಡಿಗೆ ಒಯ್ರಿ, ಸಿರುಗುಪ್ಪಕ್ಕ ಒಯ್ರಿ. ಓಡ್ಲಿಲ್ಲಂದ್ರ ತಂದು ನನ್ನ ಮಾರಿ ಮ್ಯಾಲೆ ಒಗೀರಿ!”

ಇಪ್ಪತ್ತೊಂದರ ಬೆಳಿಗ್ಗೆ ಆ ಕಾರ್ಡ್ ಹಿಡಿದು ನಾನು ಜೀಪಿನಲ್ಲಿ ಕರೂರಿಗೆ ಹೋದಾಗ ಖಾಜಾಸಾಬ್ ಮೊಣಕಾಲಿನವರೆಗೆ ಕೆಸರಿನಲ್ಲಿದ್ದರು. ಮುಖ ಕಪ್ಪಿಟ್ಟಿತ್ತು.

“ಸರ, ಹೋದ ವಾರ ನಾಲ್ಕೈದು ಇದ್ದವ್ರಿ. ಇವತ್ತು ಬುಡಕ್ಕ ಇಪ್ಪತ್ತಮೂರು.”

ಅದು ಕಂದು ಜಿಗಿಹುಳು. ತೆನೆಗೆ ಹಾಲು ತುಂಬುವ ಹೊತ್ತಿನಲ್ಲಿ ಬುಡದ ರಸ ಹೀರಿದರೆ ಗದ್ದೆ ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದಂತೆ ಒಣಗುತ್ತದೆ. ನೀರು ಬಸಿದು, ಔಷಧವನ್ನು ಬುಡಕ್ಕೆ ಬೀಳುವಂತೆ ಹೊಡೆಯಬೇಕು. ಆದರೆ ಕರೂರಿನವರು ಮರುದಿನ ನಸುಕಿಗೆ ಕಾಲುವೆ ನೀರು ತುಂಬಿಸಿ, ಊರಿನ ಔಷಧದಂಗಡಿಯವನು ಕೊಟ್ಟ ಬೇರೊಂದು ಔಷಧವನ್ನು ಮೇಲಿನಿಂದ ಹೊಡೆಯಲು ಸಿದ್ಧರಾಗಿದ್ದರು. ಆ ಔಷಧ ಹುಳುವಿನ ಶತ್ರುಗಳನ್ನು ಕೊಂದು ಹುಳುವನ್ನೇ ಹೆಚ್ಚಿಸುವಂಥದ್ದು. ಅಂದು ಸಂಜೆಯೇ ರೇಡಿಯೊ ಹೇಳಬೇಕಿತ್ತು.

ಡೇಟಾ ಕಾರ್ಡ್ ಕರೂರಿನಲ್ಲಿ ಸಂಪರ್ಕ ಹಿಡಿಯಲಿಲ್ಲ. ಸಿರುಗುಪ್ಪದ ಬಸ್ ನಿಲ್ದಾಣದ ಬಳಿ ಹಿಡಿಯಿತು, ಫೋಟೊ ಅರ್ಧ ಹೋಗುವಷ್ಟರಲ್ಲಿ ಕಡಿಯಿತು. ಬಳ್ಳಾರಿ ಬಸ್ಸು ಎದುರಿಗೇ ನಿಂತಿತ್ತು.

“ಸರ, ಬಸ್ಸು ಬಿಡಾಕ ಹತ್ತೈತಿ. ಕವರು ಕೊಟ್ಟು ಬರ್ಲೇನ್ರಿ?”

“ಬ್ಯಾಡ ಖಾಜಾಸಾಬ್. ಬಸ್ಸಿನ ಕವರೂ ಹೋದ್ರ ಇದು ಪರೀಕ್ಷೆ ಹೆಂಗಾಗ್ತದ? ಯಾವುದರಿಂದ ಕೆಲಸ ಆಯ್ತು ಅಂತ ಏನು ಬರೀಲಿ?”

“ಆಯ್ತ್ರಿ. ಒಂದು ಚಾ ಕುಡುದು ಬರ್ತೀನಿ” ಎಂದು ಹೋದರು.

ಕುರುಗೋಡಿನಲ್ಲಿ ಸಿಗ್ನಲ್ ಚೆನ್ನಾಗಿದೆಯೆಂದು ಡೇಟಾ ಕಾರ್ಡ್ ಕೊಟ್ಟ ಅಂಗಡಿಯವನು ಹೇಳಿದ್ದ. ಜೀಪನ್ನು ಅತ್ತ ತಿರುಗಿಸಿದೆವು. ದಾರಿಯುದ್ದಕ್ಕೂ ಲ್ಯಾಪ್‌ಟಾಪ್ ನನ್ನ ತೊಡೆಯ ಮೇಲೆ. ಕಣ್ಣು ಪರದೆಯ ಮೂಲೆಯ ಗಡಿಯಾರದ ಮೇಲೆ. ಕುರುಗೋಡಿನ ಗುಡ್ಡದ ಬುಡದಲ್ಲಿ ಮೂರು ಸಲ ಕಳುಹಿಸಿದೆ, ಮೂರು ಸಲವೂ ಕಡಿಯಿತು. ಕೊನೆಗೆ ಖಾಜಾಸಾಬ್ ಲ್ಯಾಪ್‌ಟಾಪನ್ನು ತಲೆಯ ಮೇಲೆ ಹೊತ್ತು ಒಂದು ಬಂಡೆ ಹತ್ತಿ ನಿಂತರು.

“ನೋಡ್ರಿ ಸರ, ಹುಲ್ಲಿನ ಹೊರಿ ಹೊತ್ತಾಂಗ ಆತು. ದೌಡ ಕಳಿಸ್ರಿ, ಕುತ್ತಿಗಿ ಉಳುಕ್ತೈತಿ!”

ಫೋಟೊ ಹೋಯಿತು. ದಿನಚರಿಯಲ್ಲಿ ಹೀಗಿದೆ: “ಕುರುಗೋಡು, ೩.೪೦. ಮೇಲ್ ಯಶಸ್ವಿ.” ಸಲಹೆ ಬರೆಯಬೇಕಾದ ಸಹೋದ್ಯೋಗಿ ಶೋಭಾ ಫೋನಿಗೆ ಸಿಗಲಿಲ್ಲ. ಸಂಜೆ ಮರಳುವಾಗ ಚಹಾ ಅಂಗಡಿಯೊಂದರ ರೇಡಿಯೊದಲ್ಲಿ ನಮ್ಮ ಸಲಹೆ ಕೇಳಿಬಂದಿತು. ಮರುದಿನ ಕರೂರಿನಲ್ಲಿ ನೀರು ಬಸಿದರು. ಅಂಚಿನ ಕೆಲವು ಗದ್ದೆಗಳನ್ನು ಬಿಟ್ಟರೆ ಪೈರು ಉಳಿಯಿತು. “ಸಾಧನವು ತುರ್ತು ಸಂದರ್ಭದಲ್ಲಿ ಸಮರ್ಥವೆಂದು ಸಾಬೀತಾಗಿದೆ” ಎಂಬ ನನ್ನ ವರದಿಯ ಮೇಲೆ ಕಚೇರಿ ಅದನ್ನು ಕೊಂಡಿತು. ಮುಂದೆ ಎಷ್ಟೋ ತರಬೇತಿಗಳಲ್ಲಿ ಈ ಪ್ರಸಂಗವನ್ನು ಹೇಳಿದೆ.

ನಿವೃತ್ತಿಯ ನಂತರ ಈ ಲೇಖನಕ್ಕಾಗಿ ಕಚೇರಿಗೆ ಬಂದ ಕಾಗದಗಳನ್ನು ದಾಖಲಿಸುವ ಹಳೆಯ ಆವಕ ವಹಿಯನ್ನು ನೋಡಿದೆ. ಅಕ್ಟೋಬರ್ ೨೧ರ ಸಾಲಿನಲ್ಲಿ ಶೋಭಾ ಅವರ ಅಕ್ಷರ: “ಕರೂರು ಎಣಿಕೆ ಹಾಳೆ, ಕಾರ್ಬನ್ ಪ್ರತಿ, ಸಹಿ ಸಮೇತ. ಬಸ್ ಮೂಲಕ. ೩.೦೫.” ಜಾವಕ ವಹಿಯಲ್ಲಿ ಸಲಹೆ ರೇಡಿಯೊ ಕೇಂದ್ರಕ್ಕೆ ಹೊರಟದ್ದು ೩.೫೦ಕ್ಕೆ. ನನ್ನ ಮೇಲ್‌ನ ಮುದ್ರಿತ ಪ್ರತಿಯ ಮೇಲಿದ್ದ ಸ್ವೀಕೃತಿ ಸಮಯ ೪.೩೭. ಎಲ್ಲ ದಿನಾಂಕಗಳನ್ನೂ ತಾಳೆ ನೋಡುವ ನಾನು ಲ್ಯಾಪ್‌ಟಾಪಿನ ಗಡಿಯಾರವನ್ನು ತಾಳೆ ನೋಡಿರಲಿಲ್ಲ. ಅದು ಸುಮಾರು ಒಂದು ಗಂಟೆ ಹಿಂದಿತ್ತು. ಶೋಭಾ ಅವರಿಗೆ ಅದು ಎಂದಿನಂತೆ ಬಂದ ಕವರು, ಹೇಳುವಂಥದ್ದೇನೂ ಇರಲಿಲ್ಲ. ನಾನೂ ಕೇಳಿರಲಿಲ್ಲ.

ಖಾಜಾಸಾಬ್‌ಗೆ ಫೋನ್ ಮಾಡಿದೆ. ಅವರು ನಕ್ಕರು.

“ಚಾ ಕುಡ್ಯಾಕ ಹೋದಾಗ ನನ್ನ ಪ್ರತಿಗೆ ಸಹಿ ಹಾಕಿ ಕಂಡಕ್ಟರ್‌ಗೆ ಕೊಟ್ಟಿದ್ನಿರಿ. ನೀವು ಪರೀಕ್ಷಾ ಮಾಡಾಕ ಬಂದಿದ್ರಿ ಸರ. ನಾನು ಹುಳ ಐತಿ ಅಂತ ತಿಳಿಸಾಕ ಬಂದಿದ್ನಿ.”

ಹೊಸ ಸಾಧನವನ್ನು ಪರೀಕ್ಷಿಸುವಾಗ ಹಳೆಯ ದಾರಿಯನ್ನು ಮುಚ್ಚಬಾರದು. ಪರೀಕ್ಷೆಯ ಶುದ್ಧತೆಗೆ ಬೇರೆಯವರ ಗದ್ದೆಯನ್ನು ಪಣವಿಡುವ ಹಕ್ಕು ಯಾವ ಸಂಶೋಧಕನಿಗೂ ಇಲ್ಲ. ದಿನಚರಿಯ ಆ ಸಾಲನ್ನು ನಾನು ತಿದ್ದಿಲ್ಲ. ಅದರ ಪಕ್ಕದಲ್ಲಿ ಆವಕ ವಹಿಯ ಪುಟಸಂಖ್ಯೆಯನ್ನು ಬರೆದಿಟ್ಟಿದ್ದೇನೆ, ಪೆನ್ಸಿಲಿನಲ್ಲಿ.